ಸತ್ತವನು ಕೊನೆಗೆ

"ಕೂತ್ಕೊಳ್ರೋ ಹಂದಿಗಳಾ! ಹಗ್ಗ ಕಿತ್ಕೊಂಡು ನೀವೆಲ್ಲ ಕೆಳಕ್ಕೆ ಬಿದ್ರೆ ಮಾಂಸ ಬಾಚೋದಕ್ಕೆ ನಿಮ್ಮಪ್ಪ ಬರ್ತಾನಾ?"

ಹೀಗೆ ಅರಚಿದವನು ಪ್ರೆಂಟಿಸ್, ನಮ್ಮ ಗಣಿಯ ಅಂಡರ್ ಮ್ಯಾನೇಜರ್. ಪಾಳಿ ಮುಗಿದು ಎಷ್ಟೋ ಹೊತ್ತಾಗಿತ್ತು. ಗಣಿಯ ತಳದಲ್ಲಿ, ನಮ್ಮನ್ನು ಮೇಲಕ್ಕೆಳೆಯುವ ಕೇಜು ಬಂದು ನಿಲ್ಲುವ ಕಡೆ, ಇಡೀ ಪಾಳಿ ಕುರಿಮಂದೆಯ ಹಾಗೆ ಒತ್ತಿಕೊಂಡು ನಿಂತಿತ್ತು. ಕೇಜಿನ ಉಕ್ಕಿನ ಹಗ್ಗದ ಪರೀಕ್ಷೆ ನಡೆಯುತ್ತಿದೆಯಂತೆ. ಅದು ಮುಗಿಯುವ ತನಕ ಯಾರೂ ಮೇಲಕ್ಕೆ ಹೋಗುವಂತಿಲ್ಲವಂತೆ. ವರ್ಷವೆಲ್ಲ ಕಿರುಗುಟ್ಟಿದರೂ ಒಂದು ಹನಿ ಎಣ್ಣೆ ಕಾಣದ ಹಗ್ಗ ಅದು. ಅದರ ಮೇಲೆ ಕಂಪನಿಗೆ ಪ್ರೀತಿ ಉಕ್ಕಿ ಬಂದದ್ದು ಓಟಿನ ದಿನವೇ. ಐದು ಗಂಟೆಗೆ ಮತಗಟ್ಟೆಯ ಬಾಗಿಲು ಮುಚ್ಚುತ್ತದೆ. ನಮ್ಮ ಪಾಳಿಯ ಓಟು ಬಿದ್ದರೆ ಕಂಪನಿಯ ಮನುಷ್ಯ ಸೋಲುತ್ತಾನೆ ಅನ್ನುವುದು ಸುರಂಗದ ಕುದುರೆಗಳಿಗೂ ಗೊತ್ತಿತ್ತು.

"ಧಣೇರಾ, ಪರೀಕ್ಷೆ ಐದು ಹೊಡದ್ಮೇಲೆ ಮುಗೀತದಾ?" ಕತ್ತಲೊಳಗಿಂದ ಯಾರೋ ಕೇಳಿದರು. ನಕ್ಕರು ಎಲ್ಲರೂ.

"ಯಾವನೋ ಅದು ಬೊಗಳಿದ್ದು?"

ಪ್ರೆಂಟಿಸ್ ದೀಪ ಎತ್ತಿ ನಮ್ಮ ಮುಖಗಳ ಮೇಲೆ ಆಡಿಸಿದ. ಎಲ್ಲ ಮುಖವೂ ಒಂದೇ ಕರಿ. ಬೈದುಕೊಂಡು ತನ್ನ ಕೋಣೆಗೆ ಹೋಗಿ ಕೂತ.

ನಾವು ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತೆವು. ಮುದುಕ ಫಿನ್ಲೆ ಹೊಗೆಸೊಪ್ಪು ದವಡೆಗೆ ಇಟ್ಟುಕೊಂಡ. ಗಣಿಯಲ್ಲಿ ಪೈಪು ಸಿಗರೇಟು ಹಚ್ಚಿದರೆ ಎಲ್ಲರೂ ಒಟ್ಟಿಗೇ ಸ್ವರ್ಗಕ್ಕೆ, ಅದಕ್ಕೇ ಎಲ್ಲರದೂ ಅಗಿಯುವ ಚಟ. ಅಗಿಯುತ್ತಾ ಫಿನ್ಲೆ ಪುರಾಣ ತೆಗೆದ.

"ಈ ಗಲ್ ಕೋವ್ ಕ್ಷೇತ್ರ ಹುಟ್ಟಿದಾಗಿಂದ ನೋಡಿವ್ನಿ ಕಣ್ರಲಾ. ಮೊದಲ್ನೇ ಮೆಂಬರು ಕಂಪ್ನಿ ವಕೀಲ. ಓಟಿನ ದಿನ ಚರ್ಚಿನ ಹಿಂದ್ಗಡೆ ರಮ್ಮಿನ ಪೀಪಾಯಿ ಮಡಗಿದ್ದ. ಓಟು ಹಾಕೋಕ್ ಮುಂಚೆ ಒಂದ್ ಲೋಟ, ಹಾಕಿದ್ಮೇಲೆ ಒಂದ್ ಲೋಟ. ನಮ್ಮಪ್ಪ ಕುಡುದು ಕುಡುದು ಯಾರಿಗ್ ಹಾಕ್ದೆ ಅಂತ್ಲೇ ಮರ್ತುಬುಟ್ಟ. ಎರಡ್ನೇವ್ನು ಕಂಪ್ನಿ ಅಂಗಡಿಯೋನು. ಓಟಿನ ವಾರ ಮೂಟೆ ತುಂಬಾ ಹಿಟ್ಟು, ಓಟಾದ ವಾರ ಮೂಟೇಲಿ ಅರ್ಧ ಹುಳ."

"ಆಮ್ಯಾಕೆ ನಮ್ಮೋನ್ನೇ ಕಳಿಸಿದ್ರಲ್ಲ ಮಾವ, ಅದ್ನೂ ಯೋಳು" ಅಂದ ನಮ್ಮಣ್ಣ ಲಾಕ್ಲನ್, ನಗುತ್ತಾ.

"ಥೂ, ಅವನ ಹೆಸ್ರು ಎತ್ತಬ್ಯಾಡ! ಇದೇ ಸುರಂಗದಾಗೆ ಕಲ್ಲಿದ್ಲು ಕಡಿದೋನು. ಹೆಗಲ್ ಮ್ಯಾಲೆ ಹೊತ್ಕಂಡೋಗಿ ರೈಲಿಗ್ ಹತ್ತಿಸಿದ್ವಿ. ಹ್ಯಾಲಿಫ್ಯಾಕ್ಸಿನ ಸಭೆಗ್ ಹೋದೋನು ತುಪ್ಪಳದ ಕಾಲರಿನ ಕೋಟು ಏರಿಸ್ಕಂಡ್ ಬಂದ. ಮುಷ್ಕರದಾಗೆ ನಮ್ ಮ್ಯಾಲೆ ಕುದ್ರೆ ಸಿಪಾಯಿಗಳ್ನ ಬಿಟ್ರಲ್ಲ, ಸಭೇಲಿ ಎದ್ದು ಒಂದ್ ಮಾತಾಡ್ಲಾ ಅಂದ್ರೆ, ಗಂಟಲು ಕಟ್ಟೈತೆ ಅಂದ ಬಡ್ಡೀಮಗ. ಆವತ್ತಿಂದ ಈ ಡಾಕ್ಟ್ರು. ಎಲ್ಡು ಸಾರಿ ಗೆದ್ದವ್ನೆ, ನಾಡಿ ಹಿಡ್ಕಂಡೇ ಓಟ್ ಕೇಳ್ತಾನೆ. ಇಲ್ಲ ಅಂದ್ರೆ ಕೈ ಬುಟ್ಬುಡ್ತಾನೆ!"

ಡಾಕ್ಟರೆಂದರೆ ಕಂಪನಿಯ ಡಾಕ್ಟರು. ಇಡೀ ಊರಿಗೆ ಇರುವವನು ಅವನೊಬ್ಬನೇ. ಆವತ್ತು ಬೆಳಗಿನಿಂದ ಅವನ ಔಷಧದ ಪೆಟ್ಟಿಗೆ ಮನೆಯಲ್ಲಿ, ಅವನು ಮೋಟಾರಿನಲ್ಲಿ, ಊರೂರು ತಿರುಗಿ ಕೈ ಮುಗಿಯುತ್ತಿದ್ದ.

ಅವನ ಎದುರಿಗೆ ನಿಂತವನು ಹೆಕ್ಟರ್ ಬೀಟನ್. ನಾವು ಕಡಿದ ಕಲ್ಲಿದ್ದಲಿನ ತೂಕದಲ್ಲಿ ಮೋಸವಾಗದ ಹಾಗೆ ನಮ್ಮ ಪರವಾಗಿ ತಕ್ಕಡಿಯ ಪಕ್ಕ ನಿಲ್ಲುತ್ತಿದ್ದವನು. ಭಾಷಣ ಬರುತ್ತಿರಲಿಲ್ಲ, ಉಗ್ಗುತ್ತಿದ್ದ. ಉಗ್ಗಿ ಉಗ್ಗಿ ಒಂದೇ ಮಾತು ಹೇಳಿದ್ದ: ಗಣಿಯಲ್ಲಿ ಗಂಡ ಸತ್ತ ಹೆಂಗಸನ್ನು ಕಂಪನಿ ಮನೆಯಿಂದ ಹೊರಗೆ ಹಾಕುವಂತಿಲ್ಲ ಅಂತ ಒಂದು ಕಾನೂನು ತರುತ್ತೇನೆ, ತರದಿದ್ದರೆ ನನ್ನ ಮುಖಕ್ಕೆ ಉಗಿಯಿರಿ. ಅಷ್ಟೇ. ಆ ಒಂದು ಮಾತಿಗೆ ಲಾಕ್ಲನ್ ಅವನ ಬಾಲವಾಗಿಬಿಟ್ಟಿದ್ದ. ನಮ್ಮಪ್ಪ ಸತ್ತ ವಾರವೇ ನಮ್ಮವ್ವ ಕೇಟಿಯನ್ನು ಹಿಮದೊಳಕ್ಕೆ ತಳ್ಳಿ ಕಂಪನಿಯವರು ಮನೆಗೆ ಬೀಗ ಹಾಕಿದ್ದರು. ಒಲೆಯ ಮೇಲೆ ಓಟ್ಸ್ ಗಂಜಿ ಇನ್ನೂ ಕುದಿಯುತ್ತಿತ್ತು. ಅವ್ವ ಗಂಜಿಯ ಪಾತ್ರೆಯನ್ನು ಏಪ್ರನ್ನಿನಲ್ಲಿ ಹಿಡಿದುಕೊಂಡು ಹೊರಗೆ ನಿಂತಿದ್ದಳು. ಅಣ್ಣನಿಗೆ ಆಗ ಎಲ್ಲ ತಿಳಿಯುವ ವಯಸ್ಸು, ನನಗೆ ಹಸಿವು ಮಾತ್ರ ತಿಳಿಯುತ್ತಿತ್ತು.

ನಗುವಿನ ಸದ್ದಿಗೆ ಪ್ರೆಂಟಿಸ್ ಮತ್ತೆ ಹೊರಗೆ ಬಂದ. ಬಂದವನು ನೇರವಾಗಿ ಅಣ್ಣನ ಮುಂದೆ ನಿಂತ.

"ಏನೋ, ಬೀಟನ್‌ನ ನಾಯಿ, ಖುಷಿಯಾಗಿದ್ದೀಯ? ಕೂತು ಕೂತು ಮೈ ಜಡ್ಡು ಹಿಡಿದಿರಬೇಕು. ಎದ್ದೇಳು. ಹಳೇ ಸುರಂಗದಲ್ಲಿ ಆಸರೆ ಕಂಬಗಳು ಸುಮ್ಮನೆ ನಿಂತಿದಾವೆ. ಕಿತ್ತು ತಗೊಂಡು ಬಾ."

"ಪಾಳಿ ಮುಗುದೈತೆ ಧಣೇರಾ. ಆ ಕಡೆ ಚಾವಣಿ ಗೊಣಗ್ತಾ ಐತೆ. ಕಂಬ ಕೀಳೋಕ್ ಬ್ಯಾರೆ ಆಳುಗಳವ್ರೆ."

"ಮೇಲಕ್ಕೆ ಹೋಗೋ ತನಕ ನೀನು ಕಂಪನಿ ಸ್ವತ್ತು. ಆಗಲ್ಲ ಅನ್ನು, ನಾಳೆ ಬೆಳಿಗ್ಗೆ ನಿನ್ನ ಹೆಂಡತಿ ಪಾತ್ರೆ ಪಗಡ ಬೀದೀಲಿ ಇರ್ತವೆ. ನಿಮ್ಮ ಮನೆತನಕ್ಕೆ ಅದೇನು ಹೊಸದಾ?"

ಅಣ್ಣ ಎದ್ದ. ನಾನು ಅವನ ಜೋಡಿ ಆಳು, ನಾನೂ ಎದ್ದೆ. "ಚಾವಣಿ ಮಾತು ತಿಳಿಯೋನು ಒಬ್ಬ ಇರ್ಲಿ" ಅಂತ ಫಿನ್ಲೆಯೂ ಕೊಡಲಿ ಎತ್ತಿಕೊಂಡು ಬಂದ.

ಎರಡು ಕಂಬ ಸಲೀಸಾಗಿ ಬಂದವು. ಮೂರನೆಯದಕ್ಕೆ ಅಣ್ಣ ಕೊಡಲಿ ಎತ್ತಿದಾಗ ಫಿನ್ಲೆ, "ತಡಿಯೋ!" ಅಂದ. ಅಷ್ಟರಲ್ಲಿ ಚಾವಣಿ ಕೆಳಗಿತ್ತು. ದೂಳಿನಲ್ಲಿ ದೀಪ ಕಾಣಲಿಲ್ಲ. ನಾನು ಕೈಯಲ್ಲೇ ಕಲ್ಲು ಬಗೆದೆ, ಉಗುರು ಕಿತ್ತು ಬಂದದ್ದು ಆಮೇಲೆ ಗೊತ್ತಾಯಿತು. ಅಣ್ಣ ಸಿಕ್ಕಿದ. ಸೊಂಟದಿಂದ ಮೇಲೆ ನೆಟ್ಟಗಿದ್ದ. ತೊಡೆಯಿಂದ ಕೆಳಗೆ ಕಾಲು ಜಜ್ಜಿಹೋಗಿತ್ತು.

ಫಿನ್ಲೆ ತನ್ನ ಸೊಂಟದ ಪಟ್ಟಿ ಬಿಚ್ಚಿ ತೊಡೆಗೆ ಬಿಗಿದ. ರಕ್ತ ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ.

"ಸ್ಟ್ರೆಚರ್ ತರ್ತೀನಿ" ಅಂದೆ. "ಕೇಜು ಕಳಿಸ್ಲೇಬೇಕು ಈಗ. ಹಗ್ಗಕ್ಕೆ ಏನೂ ಆಗಿಲ್ಲ, ಎಲ್ಲ ನಾಟಕ."

"ತಡಿ" ಅಂದ ಅಣ್ಣ. ತುಟಿ ಬೆಳ್ಳಗಾಗಿದ್ದವು. "ಹೊತ್ತೆಷ್ಟಾಯ್ತು ಮಾವ?"

"ಇನ್ನೂ ಟೈಮೈತೆ. ನಿಂಗ್ಯಾಕ್ಲಾ ಈಗ ಹೊತ್ತು?"

"ನಾ ಬದುಕಿವ್ನಿ ಅಂದ್ರೆ ನನ್ನೊಬ್ಬನ್ನ ಮ್ಯಾಕೆ ಕಳುಸ್ತಾನೆ. ಉಳ್ದೋರು ಇಲ್ಲೇ ಕೊಳೀತಾ ಕೂತಿರ್ಬೇಕು." ಉಸಿರು ಎಳೆದುಕೊಂಡ. "ಸತ್ತೆ ಅನ್ರಿ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಫಿನ್ಲೆಗೆ ತಕ್ಷಣ ಆಯಿತು, ಅವನು ಮುಖ ಆ ಕಡೆ ತಿರುಗಿಸಿಕೊಂಡ.

ನಮ್ಮ ಕರಾವಳಿಯ ಗಣಿಗಳಲ್ಲಿ ಒಂದು ಕಟ್ಟಳೆ ಇದೆ. ಅದನ್ನು ಯಾವ ಶಾಸನಸಭೆಯೂ ಬರೆದದ್ದಲ್ಲ. ಒಳಗೆ ಒಬ್ಬ ಸತ್ತರೆ ಆ ಕ್ಷಣಕ್ಕೆ ಎಲ್ಲರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಮೇಲಕ್ಕೇರಬೇಕು. ಮೇಲೆ ಗಣಿಬಾಯಿಯಲ್ಲಿ ಎರಡು ಸಾಲಾಗಿ ಟೋಪಿ ತೆಗೆದು ನಿಲ್ಲಬೇಕು. ಸತ್ತವನು ಕೊನೆಗೆ ಬರುತ್ತಾನೆ. ಅವನನ್ನು ಹೊತ್ತವರ ಹಿಂದೆ ಇಡೀ ಪಾಳಿ ಅವನ ಮನೆ ತನಕ ನಡೆಯಬೇಕು. ಇದನ್ನು ತಡೆಯುವ ಗಂಡಸು ಯಾವ ಕಂಪನಿಯಲ್ಲೂ ಹುಟ್ಟಿರಲಿಲ್ಲ. ನಮ್ಮಜ್ಜನ ಕಾಲದಲ್ಲಿ ಒಬ್ಬ ಮ್ಯಾನೇಜರ್ ತಡೆದನಂತೆ. ಆ ರಾತ್ರಿಯೇ ಹೆಂಡತಿ ಮಕ್ಕಳ ಸಮೇತ ದೋಣಿ ಹತ್ತಿ ಓಡಿಹೋದನಂತೆ.

"ಸತ್ತೋನು ಕೊನೇಗ್ ಬರ್ಬೇಕಲ್ಲೋ ಅಣ್ಣ!" ಅಂದೆ. "ಇಡೀ ಪಾಳಿ ಹತ್ತೋಗೋ ಗಂಟ ಹಿಂಗೇ ಬಿದ್ದಿರ್ತೀಯಾ? ರಕ್ತ ನೋಡೋ!"

"ಕಟ್ಟವ್ನಲ್ಲ ಮಾವ. ಕೇಜು ಬಿರ್‍ರನೆ ಓಡ್ತದೆ. ಹಲ್ಲು ನೋವಲ್ಲೇ ವಾರಗಟ್ಲೆ ತಡ್ಕಂಡಿಲ್ವಾ ನಾನು?"

"ಹುಚ್ಚು ಸೂಳೆಮಗನೇ, ಅದು ಹಲ್ಲು, ಇದು ಕಾಲು!" ಅಂದ ಫಿನ್ಲೆ.

"ಈವನ್." ನನ್ನ ಅಂಗಿ ಹಿಡಿದುಕೊಂಡ. "ಕಾಲಿಲ್ದೋನಿಗೆ ಕಂಪ್ನಿ ಮನೆ ಕೊಡ್ತದಾ? ಬದುಕಿ ಹೋದ್ರೂ ನಿಮ್ಮತ್ಗೆ ಪೇಗಿ ಬೀದಿಪಾಲು, ಸತ್ರೂ ಬೀದಿಪಾಲು. ಬೀಟನ್ ಗೆದ್ರೆ ಒಂದು ದಾರಿ ಐತೆ. ಅವ್ವನಾಣೆ, ಸತ್ತೆ ಅನ್ನು."

ದೊಡ್ಡವನು ಅವನು. ಅಪ್ಪ ಹೋದ ಮೇಲೆ ನನಗೆ ಚಡ್ಡಿ ಹೊಲಿಸಿದವನು, ಕೊಡಲಿ ಹಿಡಿಯಲು ಕಲಿಸಿದವನು. ಅವನ ಮಾತು ಮೀರಿ ನನಗೆ ಅಭ್ಯಾಸವಿರಲಿಲ್ಲ. ದೇವರೇ, ಆವತ್ತಾದರೂ ಮೀರುವ ಬುದ್ಧಿ ಕೊಡಲಿಲ್ಲವಲ್ಲ ನೀನು ನನಗೆ.

ಫಿನ್ಲೆ ತನ್ನ ಕೋಟನ್ನು ಅಣ್ಣನ ಮುಖದ ಮೇಲೆ ಎಳೆದ. "ಉಸ್ರು ಸಣ್ಣಗೆ ಬುಡು ಮಗ" ಅಂದ. ಆಮೇಲೆ ಸುರಂಗ ನಡುಗುವ ಹಾಗೆ ಕೂಗಿದ: "ಕೇಟಿಯ ಲಾಕ್ಲನ್ ಹೋಗ್ಬುಟ್ನಪ್ಪೋ!"

ಆ ಕೂಗು ತಳ ಮುಟ್ಟುವಷ್ಟರಲ್ಲಿ ಕೂತಿದ್ದವರೆಲ್ಲ ಎದ್ದಿದ್ದರು. ನಾವು ಸ್ಟ್ರೆಚರ್ ಹೊತ್ತು ಬಂದಾಗ ಎಲ್ಲರ ಟೋಪಿಯೂ ಕೈಯಲ್ಲಿತ್ತು. ನಿಜ ಗೊತ್ತಿದ್ದವರು ನಾವು ಇಬ್ಬರು, ಕೋಟಿನ ಕೆಳಗಿದ್ದವನು ಒಬ್ಬ.

ಪ್ರೆಂಟಿಸ್ ಮಾತ್ರ ಟೋಪಿ ತೆಗೆಯಲಿಲ್ಲ.

"ಒಳ್ಳೇ ಹೊತ್ತು ನೋಡಿ ಸತ್ತಿದಾನಲ್ಲ" ಅಂದ. ಗಡಿಯಾರ ತೆಗೆದು ನೋಡಿದ. "ಕೆಳಗಿಡಿ."

ಇಟ್ಟೆವು. ಅವನು ಕೋಟು ಎತ್ತಿ ನೋಡುತ್ತಾನೆ ಅಂದುಕೊಂಡೆ. ಅವನು ಕೋಟು ಮುಟ್ಟಲಿಲ್ಲ. ಬೂಟುಗಾಲನ್ನು ಎತ್ತಿ ಅಣ್ಣನ ಜಜ್ಜಿದ ಮೊಣಕಾಲ ಮೇಲೆ ಇಟ್ಟ. ನನ್ನ ಮುಖವನ್ನೇ ನೋಡುತ್ತಾ, ನಿಧಾನಕ್ಕೆ, ಭಾರ ಬಿಟ್ಟ. ಮೂಳೆಯ ಸದ್ದು ನನಗೆ ಕೇಳಿಸಿತು. ಹಿಮ್ಮಡಿ ತಿರುಗಿಸಿದ.

ಕೋಟಿನ ಕೆಳಗೆ ಒಂದು ಸೊಲ್ಲಿಲ್ಲ.

"ಲೋ, ಹೆಣದ ಮ್ಯಾಲೆ ಕಾಲಿಡ್ತಾವ್ನೆ!" ಹಿಂದಿನಿಂದ ಯಾರೋ ಕಿರುಚಿದರು. ಗುಂಪು ಒಂದು ಹೆಜ್ಜೆ ಮುಂದೆ ಬಂತು. ಹಾರೆ, ಸಲಿಕೆ ಹಿಡಿದು ಪಳಗಿದ ಕೈಗಳ ಗುಂಪು ಅದು. ಪ್ರೆಂಟಿಸ್ ಕಾಲು ತೆಗೆದ. ಟೋಪಿಯನ್ನೂ ತೆಗೆದ. ತೆಗೆದು ನಕ್ಕ.

"ಸರಿ. ಸತ್ತಿದಾನೆ. ನಿಮ್ಮ ಕಟ್ಟಳೆಗೆ ನಾನು ಅಡ್ಡ ಬರಲ್ಲಪ್ಪ. ಸತ್ತವನು ಕೊನೆಗೆ ತಾನೇ? ಹಾಗೇ ಆಗಲಿ. ಇವನು ಕಟ್ಟಕಡೆಯ ಕೇಜಿನಲ್ಲಿ ಬರಲಿ. ನಡುವೆ ಒಬ್ಬನೂ ಮುಟ್ಟಬಾರದು."

ಅವನಿಗೆ ಗೊತ್ತಿತ್ತು. ಇವತ್ತಿಗೂ ಆಣೆಯಿಟ್ಟು ಹೇಳುತ್ತೇನೆ, ಅವನಿಗೆ ಗೊತ್ತಿತ್ತು.

ಹಗ್ಗದ ಪರೀಕ್ಷೆ ಆ ನಿಮಿಷಕ್ಕೇ ಮುಗಿದುಹೋಯಿತು. ಕೇಜು ಇಳಿಯಿತು, ತುಂಬಿತು, ಏರಿತು. ಮತ್ತೆ ಇಳಿಯಿತು. ಪ್ರತಿ ಸಲವೂ ಜನ ಸ್ಟ್ರೆಚರಿನ ಪಕ್ಕ ನಿಂತು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಹತ್ತುತ್ತಿದ್ದರು. ಕೆಲವರು ಅಳುತ್ತಿದ್ದರು. ನನಗೆ ಬೇಗ ಹತ್ರೋ, ಬೇಗ ಹತ್ರೋ ಅಂತ ಎಲ್ಲರ ಕುಂಡೆಗೂ ಒದೆಯಬೇಕು ಅನ್ನಿಸುತ್ತಿತ್ತು. ನಾನು ಸ್ಟ್ರೆಚರಿನ ಪಕ್ಕ ಮಂಡಿಯೂರಿ, ಪ್ರಾರ್ಥನೆಯ ನೆಪದಲ್ಲಿ, ಕೋಟಿನ ಕೆಳಗೆ ಕೈ ತೂರಿಸಿ ಅವನ ಬೆರಳು ಹಿಡಿದುಕೊಂಡಿದ್ದೆ. ಅವನು ಒತ್ತುತ್ತಿದ್ದ. ಕೇಜು ಮೇಲಕ್ಕೆ ಹೋದಾಗಲೆಲ್ಲ ಗಟ್ಟಿಯಾಗಿ ಒತ್ತುತ್ತಿದ್ದ, ಹೋಯ್ತು ಇನ್ನೊಂದು ಅಂತ ಖುಷಿಪಡುವವನ ಹಾಗೆ.

ಕೊನೆಕೊನೆಗೆ ತಳದಲ್ಲಿ ನಾವಷ್ಟೇ ಉಳಿದೆವು, ದೂರದಲ್ಲಿ ಪ್ರೆಂಟಿಸ್.

"ತಣ್ಣಗೈತೆ ಕಣ್ಲಾ" ಅಂದ ಅಣ್ಣ, ಸೊಳ್ಳೆಯ ದನಿಯಲ್ಲಿ.

"ಸುಮ್ಕಿರು. ಮುಂದಿನ್ ಕೇಜು ನಮ್ದೇ."

"ಪೇಗಿಗೆ ಯೋಳ್ಲಿಲ್ಲ ನಾವು. ಎದೆ ಒಡ್ಕಂಡ್ ಬುಡ್ತಾಳೆ ಅವ್ಳು."

ಮೇಲೆ ಸಂಜೆಯ ಬೆಳಕು ಕಣ್ಣಿಗೆ ಚುಚ್ಚಿತು. ಸಮುದ್ರದ ಗಾಳಿ, ತುಂತುರು ಮಳೆ. ಎರಡು ಸಾಲು ಗಣಿಬಾಯಿಯಿಂದ ಅಂಗಳದ ಉದ್ದಕ್ಕೂ ನಿಂತಿತ್ತು. ಅಂಗಳದ ಆ ತುದಿಯಲ್ಲಿ ಕಬ್ಬಿಣದ ಗೇಟು, ಅದಕ್ಕೆ ಬೀಗ, ಬೀಗದ ಮುಂದೆ ದೊಣ್ಣೆ ಹಿಡಿದ ಕಂಪನಿ ಪೊಲೀಸರು. ಗೇಟಿನ ಆಚೆ ರಸ್ತೆ ದಾಟಿದರೆ ಚರ್ಚಿನ ಹಾಲ್, ಅದೇ ಮತಗಟ್ಟೆ. ಆಗ ನನಗೆ ತಿಳಿಯಿತು: ಪಾಳಿ ಮೇಲೆ ಬಂದರೂ ಇನ್ನೂ ಕಂಪನಿಯ ಅಂಗಳದಲ್ಲೇ ಇದೆ. ಈ ಗೇಟು ಇವತ್ತು ಜೀವ ಇರುವ ಯಾವನಿಗೂ ತೆಗೆಯುವುದಿಲ್ಲ. ಹೆಣಕ್ಕೆ ಮಾತ್ರ ತೆಗೆಯುತ್ತದೆ. ಅಣ್ಣ ಇನ್ನೂ ಸ್ವಲ್ಪ ಹೊತ್ತು ಸತ್ತಿರಬೇಕು.

ಸಾವಿನ ಸುದ್ದಿಗೆ ಪೊಲೀಸರು ಹೆಂಗಸರನ್ನು ಮಾತ್ರ ಒಳಕ್ಕೆ ಬಿಟ್ಟಿದ್ದರು. ಅವರ ನಡುವಿನಿಂದ ಪೇಗಿ ಅತ್ತಿಗೆ ಓಡಿ ಬಂದಳು. ಬಂದವಳೇ ಸ್ಟ್ರೆಚರಿನ ಮೇಲೆ ಬಿದ್ದಳು. ಬಿದ್ದ ಪೆಟ್ಟಿಗೆ ಕೋಟಿನ ಕೆಳಗಿನಿಂದ ಒಂದು ನರಳಿಕೆ ಬಂತು. ಸಣ್ಣದೇ, ಆದರೂ ಬಂತು. ಅವಳು ಕಲ್ಲಾದಳು.

ನಾನು ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿ ಇಟ್ಟೆ. "ಅತ್ಗೆ, ಅಳು. ಗೇಟು ದಾಟೋ ಗಂಟ ಜೋರಾಗ್ ಅಳು. ನಿಂತ್ರೆ ಕೆಟ್ವಿ."

ಅವಳು ನನ್ನ ಮುಖ ನೋಡಿದಳು. ಎಲ್ಲ ಗೊತ್ತಾಯಿತು ಅವಳಿಗೆ. ಎದ್ದು ನಿಂತು ತಲೆಯ ಬಟ್ಟೆ ಕಿತ್ತೆಸೆದು ಬಾಯಿ ಬಿಟ್ಟಳು.

"ಅಯ್ಯೋ ನನ್ ರಾಜಾ! ಬೆಳಿಗ್ಗೆ ಬಿಸಿ ರೊಟ್ಟಿ ತಿಂದ್ ಹೋದ್ಯಲ್ಲೋ! ಸಂಜೇಗ್ ಬತ್ತೀನಿ ಅಂದ್ಯಲ್ಲೋ! ನಿನ್ ತಿಂದೋರ ಮನೆ ಹಾಳಾಗ! ಅವ್ರ ಒಲೇಲಿ ಬೆಕ್ಕು ಮರಿ ಹಾಕ!"

ಅಂಥ ಅಳುವನ್ನು ನಾನು ಕೇಳಿರಲಿಲ್ಲ. ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಅವಳ ಜೊತೆ ಸೇರಿದರು. ನಾವು ನಡೆದೆವು. ಸ್ಟ್ರೆಚರ್ ಅಲುಗಿದಾಗಲೆಲ್ಲ ಅವಳು ದನಿ ಏರಿಸುತ್ತಿದ್ದಳು. ಗೇಟಿನ ಮುಂದೆ ಪೊಲೀಸರ ಜಮಾದಾರ ಅಡ್ಡ ನಿಂತು, ಹಿಂದೆ ಪ್ರೆಂಟಿಸ್ ಕಡೆ ನೋಡಿದ. ಪೇಗಿ ಅವನ ಎದೆಗೆ ಎದೆ ಕೊಟ್ಟು ಕಿರುಚಿದಳು. ಪೊಲೀಸರಲ್ಲಿ ಒಬ್ಬ ಆಗಲೇ ಟೋಪಿ ತೆಗೆದಿದ್ದ. ಅವನಪ್ಪನೂ ಇದೇ ಗಣಿಯಲ್ಲಿ ಸತ್ತವನು. ಜಮಾದಾರ ಬೀಗ ತೆಗೆದ. ಪಾಳಿ ನಮ್ಮ ಹಿಂದೆ ರಸ್ತೆಗೆ ಸುರಿಯಿತು. ಫಿನ್ಲೆ ಮುಂದಿನ ಹಿಡಿಕೆಯನ್ನು ಮನೆಯ ದಾರಿಗೆ ತಿರುಗಿಸದೆ ನೇರ ಮತಗಟ್ಟೆಯ ಅಂಗಳಕ್ಕೆ ತಿರುಗಿಸಿದ.

"ಸಾಕು ಅತ್ಗೆ" ಅಂದೆ.

ಅಳು ನಿಂತಿತು. ಪೇಗಿ ನಗುತ್ತಿದ್ದಳು ಅಂತ ಈಗಲೂ ನೆನಪು. "ಏಳ್ರೀ, ದಾಟುದ್ವಿ" ಅಂತ ಕೋಟು ಎತ್ತಿದಳು.

ಅಣ್ಣನ ಬಾಯೊಳಗೆ ಅವನದೇ ತೋಳು ಇತ್ತು. ಸದ್ದು ಬರದ ಹಾಗೆ ಕಚ್ಚಿ ಹಿಡಿದಿದ್ದ. ಕಣ್ಣು ತೆರೆದಿತ್ತು. ಮಳೆಹನಿ ಆ ಕಣ್ಣಿನ ಮೇಲೆ ಬಿತ್ತು, ರೆಪ್ಪೆ ಆಡಲಿಲ್ಲ.

ಯಾವಾಗ ಹೋದನೋ ಯಾರಿಗೂ ತಿಳಿಯದು. ಗಣಿಬಾಯಿಯಿಂದ ಗೇಟಿನ ತನಕ, ಅವಳ ಅಳುವಿನ ಕೆಳಗೆ, ಎಲ್ಲೋ ಹೋಗಿಬಿಟ್ಟಿದ್ದ. ಅವನ ನರಳಿಕೆ ಮುಚ್ಚಲೆಂದು ಅತ್ತವಳಿಗೆ ಅದು ನಿಂತದ್ದು ಕೇಳಿಸಲಿಲ್ಲ. ಈಗ ಅಳಬೇಕಾದಾಗ ಅವಳಿಗೆ ಅಳು ಬರಲಿಲ್ಲ. ಅವನ ತೋಳನ್ನು ಬಾಯಿಂದ ಬಿಡಿಸಲು ನೋಡಿದಳು. ಆಗಲಿಲ್ಲ. ಅವನ ಪಕ್ಕ ಕೆಸರಿನಲ್ಲಿ ಕೂತುಬಿಟ್ಟಳು.

ಮತಗಟ್ಟೆಯೊಳಗೆ ಕಂಪನಿ ಅಂಗಡಿಯ ಗುಮಾಸ್ತ ಚುನಾವಣಾ ಅಧಿಕಾರಿಯಾಗಿ ಕೂತಿದ್ದ. ಬಾಗಿಲಿಗೆ ಹೋದ ಮೊದಲನೆಯವನನ್ನೇ ಅವನು ವಾಪಸು ಕಳಿಸಿದ.

"ಕೈ ತೊಳ್ಕೊಂಡು ಬಾ. ಚೀಟಿ ಮೇಲೆ ಮಸಿ ಬಿದ್ರೆ ಅದು ಗುರುತು ಮಾಡಿದ ಚೀಟಿ. ಎಣಿಕೇಲಿ ಬಿಸಾಕ್ತೀವಿ."

"ಎಲ್ಲಿ ತೊಳೀಲಿ ಸ್ವಾಮಿ? ಸ್ನಾನದ ಮನೆ ಗೇಟಿನೊಳಗೈತೆ."

"ಅದು ನನ್ನ ತಲೆನೋವಲ್ಲ. ಒಬ್ಬೊಬ್ಬರೇ ಬನ್ನಿ, ಕೈ ತೋರಿಸಿ ಬನ್ನಿ."

ಹೆಂಗಸರು ಏಪ್ರನ್ನಿನ ತುದಿಗೆ ಉಗುಳು ಹಚ್ಚಿ ಗಂಡಸರ ಕೈ ಎಳೆದುಕೊಂಡು ಹೆಬ್ಬೆರಳು ತೋರುಬೆರಳು ಉಜ್ಜತೊಡಗಿದರು. "ಎಲ್ಡ್ ಬೆಳ್ಳು ಸಾಕು, ನೆಟ್ಟಗ್ ಹಿಡಿ" ಅಂತ ಗದರುತ್ತಿದ್ದರು. ಗುಮಾಸ್ತ ಪ್ರತಿಯೊಬ್ಬನ ಬೆರಳನ್ನೂ ದೀಪದ ಹತ್ತಿರ ಹಿಡಿದು, ಬಳೆಗಾರನ ಹಾಗೆ ತಿರುಗಿಸಿ ತಿರುಗಿಸಿ ನೋಡಿ ಒಳಗೆ ಬಿಡುತ್ತಿದ್ದ. ಸಾಲು ಕದಲುತ್ತಲೇ ಇರಲಿಲ್ಲ.

ಆಗ ಮತಗಟ್ಟೆಯ ಹಿಂಬಾಗಿಲಿನಿಂದ ಚರ್ಚಿನ ಫಾದರ್ ಬಂದರು. ಕೊಡೆ ಹಿಡಿದು ಪೇಗಿಯ ಪಕ್ಕ ನಿಂತರು. ಮಳೆ ಅವಳ ಮೇಲೆ ಬೀಳುತ್ತಲೇ ಇತ್ತು.

"ಮಗಳೇ, ಹೆಣಾನ ಹೀಗೆ ಕೆಸರಲ್ಲಿ ಇಟ್ಕೊಂಡು ಕೂರಬಾರದು. ಮನೆಗೆ ತಗೊಂಡು ಹೋಗು. ದೀಪ ಹಚ್ಚು. ನಾನೇ ಮುಂದೆ ನಡೀತೀನಿ."

ಫಾದರ್ ಬಗ್ಗಿ ದನಿ ತಗ್ಗಿಸಿದರು. ನಾನು ಅಲ್ಲೇ ಇದ್ದೆ, ನನ್ನನ್ನು ಲೆಕ್ಕಕ್ಕೆ ಇಡಲಿಲ್ಲ.

"ಮ್ಯಾನೇಜರ್ ಹತ್ತಿರ ಮಾತಾಡಿದೀನಿ. ಈಗಲೇ ಮೆರವಣಿಗೆ ಹೊರಟರೆ ಚಳಿಗಾಲ ಮುಗಿಯೋ ತನಕ ನಿನ್ನ ಮನೆ ತಂಟೆಗೆ ಬರಲ್ಲವಂತೆ. ಯೋಚನೆ ಮಾಡು. ಹೋದವನು ಹೋದ. ಇರೋ ಸೂರು ಯಾಕೆ ಕಳ್ಕೋತೀಯ?"

ಹೆಣ ಹೊರಟರೆ ಪಾಳಿ ಹಿಂದೆ ನಡೆಯಬೇಕು. ಅದು ಕಟ್ಟಳೆ. ಸಾಲಿನಲ್ಲಿದ್ದವರಿಗೂ ಅದು ಹೊಳೆದಿತ್ತು. ಎಲ್ಲರೂ ತಿರುಗಿ ಪೇಗಿಯನ್ನೇ ನೋಡುತ್ತಿದ್ದರು. ಅವಳು ಏಳು ಅಂದರೆ ಏಳಬೇಕು. ಒಬ್ಬನೂ ಅವಳಿಗೆ ಬೇಡ ಅನ್ನುವ ಹಾಗಿರಲಿಲ್ಲ.

ಪೇಗಿ ಎದ್ದಳು. ಫಾದರ್ ಕೊಡೆ ಅವಳ ತಲೆಯ ಮೇಲೆ ಹಿಡಿದರು.

ಒಳಗೆ ಗುಮಾಸ್ತ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದಾಯಿತು. ಬಾಗಿಲಿಗೆ ಬಂದು ಗೋಡೆಯ ಗಡಿಯಾರ ನೋಡುತ್ತಾ ಕದದ ಹಿಡಿಕೆಗೆ ಕೈ ಹಾಕಿದ. "ಇನ್ನು ಆಯ್ತು. ಹಿಂದಕ್ಕೆ ಸರೀರಿ."

"ಫಿನ್ಲೆ ಮಾವ" ಅಂದಳು ಪೇಗಿ. ಗಂಟಲು ಬಿದ್ದುಹೋಗಿ ದನಿ ಗೊಗ್ಗರಾಗಿತ್ತು. "ಈವನ್. ಎತ್ರಿ."

ಎತ್ತಿದೆವು. ಮನೆಯ ಕಡೆ ಮುಖ ಮಾಡಿದೆವು.

"ಆ ಕಡೆ ಅಲ್ಲ."

ಸಾಲು ಎರಡಾಗಿ ಸೀಳಿ ದಾರಿ ಬಿಟ್ಟಿತು. ಮತಗಟ್ಟೆಯ ಬಾಗಿಲಿಗೆ ಹೋದೆವು. "ಮಲಗಿಸ್ರಿ" ಅಂದಳು. ಹೊಸ್ತಿಲ ಮೇಲೆ, ಅಡ್ಡಡ್ಡವಾಗಿ ಮಲಗಿಸಿದೆವು. ತಲೆ ಒಂದು ಕದದ ಕಡೆ, ಇದ್ದಷ್ಟು ಕಾಲು ಇನ್ನೊಂದು ಕದದ ಕಡೆ.

ಗುಮಾಸ್ತ ಹಿಂದಕ್ಕೆ ನೆಗೆದ. "ಏನಿದು ಅಸಹ್ಯ! ತೆಗೀರಿ! ಇದು ಸರ್ಕಾರದ ಕೆಲಸ!"

"ತೆಗಿ, ನೀನೇ ತೆಗಿ" ಅಂದಳು ಪೇಗಿ. "ಕೈ ಹಚ್ಚು ನೋಡಾನ. ಇಲ್ಲ, ಬಾಗ್ಲು ಹಾಕ್ಬೇಕಾ, ಹಾಕು. ನನ್ ಗಂಡನ ಎದೆ ಮ್ಯಾಲೆ ಹಾಕು. ಪ್ರೆಂಟಿಸ್ ಕಾಲ್ ಮ್ಯಾಲೆ ನಿಂತಿದ್ನಂತೆ, ನಿಂಗೆ ಎದೆ ಬುಟ್ಟವ್ನೆ."

"ಪೇಗಿ! ಇದು ಶವಕ್ಕೆ ಮಾಡೋ ಅಪಚಾರ" ಅಂದರು ಫಾದರ್.

"ಅಪಚಾರ ಮಾಡೋರ ಪಕ್ಕ ಕೊಡೆ ಹಿಡ್ಕಂಡ್ ನಿಂತಿದ್ರಲ್ಲ ಸ್ವಾಮಿ ಇಷ್ಟೊತ್ತು. ಅಲ್ಲೇ ನಿಂತ್ಕಳಿ. ಸೂರು ಬ್ಯಾಡ ನಂಗೆ, ಚಳೀಲಿ ಸಾಯ್ತೀನಿ."

ಗುಮಾಸ್ತನ ಕೈ ಹಿಡಿಕೆಯ ಮೇಲೆ ಹಾಗೇ ಇತ್ತು. ಎಳೆಯಲಿಲ್ಲ, ಬಿಡಲೂ ಇಲ್ಲ. ಒಳಗೆ ಮೇಜಿನ ಮೇಲೆ ಓಟಿನ ಪೆಟ್ಟಿಗೆ ಕಾಣುತ್ತಿತ್ತು. ಹೊರಗೆ ಇಡೀ ಪಾಳಿ ನಿಂತಿತ್ತು. ಯಾರೂ ಕದಲಲಿಲ್ಲ. ಒಳಗೆ ಹೋಗಬೇಕಾದರೆ ಸತ್ತವನನ್ನು ದಾಟಬೇಕು. ನಮ್ಮವರಲ್ಲಿ ಯಾವ ತಾಯಿಯೂ ಮಗನಿಗೆ ಅದನ್ನು ಕಲಿಸಿಲ್ಲ. ಹೆಣ ದಾಟಿದವನ ಕಾಲಿಗೆ ನೆಲ ನಿಲ್ಲುವುದಿಲ್ಲ ಅನ್ನುತ್ತಾರೆ.

ಪೇಗಿ ನನ್ನ ಬಲಗೈ ಎಳೆದುಕೊಂಡಳು. ಅದರ ಮೇಲೆ ಮಸಿಗಿಂತ ಅಣ್ಣನ ರಕ್ತವೇ ಹೆಚ್ಚಾಗಿತ್ತು, ಒಣಗಿ ಬಿರುಕು ಬಿಟ್ಟಿತ್ತು. ಏಪ್ರನ್ನಿಗೆ ಉಗುಳಿದಳು. ಹೆಬ್ಬೆರಳು ಉಜ್ಜಿದಳು. ತೋರುಬೆರಳು ಉಜ್ಜಿದಳು. ಉಗುರಿನ ಸಂದಿಯಲ್ಲಿದ್ದದ್ದು ಬರಲಿಲ್ಲ. ಬಾಯಿಗೆ ಹಾಕಿಕೊಂಡು ಹಲ್ಲಿನಿಂದ ತೆಗೆದಳು.

"ದಾಟು" ಅಂದಳು.

"ಅತ್ಗೆ, ಅಣ್ಣ ಕಣೇ. ನನ್ ಕೈಲಾಗಕ್ಕಿಲ್ಲ."

"ನಿಮ್ಮಣ್ಣ ತಳದಾಗೆ ಸುಮ್ಕೆ ಮಲ್ಗಿದ್ದು ಯಾತಕ್ಲಾ? ನೀ ಇಲ್ಲಿ ನಿಂತ್ಕಂಡು ಅಳ್ಲಿ ಅಂತಲಾ? ದಾಟೋ, ನಿನ್ ದಮ್ಮಯ್ಯ, ದಾಟು!"

ಗಡಿಯಾರ ಐದು ಹೊಡೆಯತೊಡಗಿತು. ನಾನು ಅಣ್ಣನ ಎದೆಯ ಮೇಲಿಂದ ಕಾಲೆತ್ತಿ ಒಳಗಿಟ್ಟೆ.